ಇಂಧನ ವರದಿಯನ್ನು ಕಾಗದದಿಂದ ಕಂಪ್ಯೂಟರ್‌ಗೆ ತರುವುದು ಹೇಗೆ? ಸರ್ಕಾರಿ ಕಚೇರಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಏಪ್ರಿಲ್ ಬಂತು ಅಂದರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಕಚೇರಿಗಳಿಂದ ಅದೇ ಪ್ರಶ್ನೆಗಳು ಬರುತ್ತವೆ. "ಕರೆಂಟ್ ಬಳಕಿ ವರದಿ ಕೇಳ್ಯಾರ್ರಿ, ಸ್ಕ್ಯಾನ್ ಮಾಡಿ ಮೇಲ್ ಹಾಕಿದ್ರ ನಡೀತದೇನ್ರಿ?" "ಸೋಲಾರ್ ಯೂನಿಟ್ ಯಾವ ಕಾಲಂನಾಗ ತೋರಿಸ್ಬೇಕು?" "ಸಾಫ್ಟ್ ಕಾಪಿ ಕಳಿಸೀವಿ, ಆದ್ರೂ ಹಾರ್ಡ್ ಕಾಪಿ ಕೊಡ್ರಿ ಅಂತಾರ, ಯಾಕ್ರಿ?" ಒಬ್ಬೊಬ್ಬರಿಗೆ ಫೋನ್‌ನಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಒಂದೇ ಕಡೆ ಬರೆದಿದ್ದೇನೆ. ಪುರಸಭೆ, ತಾಲೂಕು ಪಂಚಾಯಿತಿ, ಗ್ರಾಮ ಪಂಚಾಯಿತಿ, ಹಾಸ್ಟೆಲ್, ಆಸ್ಪತ್ರೆ, ಯಾವುದೇ ಇಲಾಖೆಯ ಕಚೇರಿಯಲ್ಲಿ ಈ ವಿಷಯ ನೋಡಿಕೊಳ್ಳುವ ಗುಮಾಸ್ತರಿಗೆ, ಅವರ ವರದಿಗೆ ಸಹಿ ಹಾಕುವ ಅಧಿಕಾರಿಗಳಿಗೆ ಇದು.

ಮೊದಲೇ ಒಂದು ಮಾತು. ಸಹಿ ಹಾಕಿದ ಕಾಗದವನ್ನು ಸ್ಕ್ಯಾನ್ ಮಾಡಿ ಮೇಲ್‌ಗೆ ಸೇರಿಸಿದರೆ ಅದು ಕಾಗದದ ಫೋಟೋ ಅಷ್ಟೇ. ಅದನ್ನು ಪಡೆದ ಕಚೇರಿಯಲ್ಲಿ ಯಾರೋ ಒಬ್ಬರು ಕೂತು ಒಂದೊಂದೇ ಅಂಕಿಯನ್ನು ಮತ್ತೆ ಟೈಪ್ ಮಾಡಬೇಕು. ತಾಲೂಕಿನಿಂದ ಜಿಲ್ಲೆಗೆ ಹೋದಾಗ ಒಮ್ಮೆ, ಜಿಲ್ಲೆಯಿಂದ ಬೆಂಗಳೂರಿಗೆ ಹೋದಾಗ ಇನ್ನೊಮ್ಮೆ. ಈ ದಾರಿಯಲ್ಲಿ ಎಲ್ಲೋ ಒಂದು ಸೊನ್ನೆ ಬಿಟ್ಟುಹೋಗುತ್ತದೆ, ಯಾವ ಹಂತದಲ್ಲಿ ಬಿಟ್ಟಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕೆಳಗಿನ ಎಲ್ಲ ಹಂತಗಳ ಗುರಿ ಒಂದೇ: ಬಿಲ್ ನೋಡಿ ಒಮ್ಮೆ ಬರೆದ ಅಂಕಿಯನ್ನು ಮುಂದೆ ಯಾರೂ ಮತ್ತೆ ಟೈಪ್ ಮಾಡುವಂತಾಗಬಾರದು.

ಇಷ್ಟು ತಲೆಕೆಡಿಸಿಕೊಳ್ಳುವುದು ಯಾಕೆ ಅಂದರೆ, ಈ ಅಂಕಿಗಳು ಬಹಳ ದೂರ ಹೋಗುತ್ತವೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಪ್ರಕಾರ ಪ್ರತಿ ರಾಜ್ಯದಲ್ಲೂ ಒಂದು ನಿಯೋಜಿತ ಸಂಸ್ಥೆ ಇರುತ್ತದೆ. ನಮ್ಮಲ್ಲಿ ಅದು ಕ್ರೆಡಲ್, ಅಂದರೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ. ಕೇಂದ್ರದಲ್ಲಿ 2002ರಲ್ಲಿ ಶುರುವಾದ ಇಂಧನ ದಕ್ಷತಾ ಬ್ಯೂರೋ ರಾಜ್ಯಗಳನ್ನು ಹೋಲಿಸಿ ಇಂಧನ ದಕ್ಷತಾ ಸೂಚ್ಯಂಕ ಹೊರಡಿಸುತ್ತದೆ. ಅದಕ್ಕೆ ಬೇಕಾದ ಮಾಹಿತಿ ರಾಜ್ಯದ ಇಲಾಖೆಗಳಿಂದಲೇ ಹೋಗಬೇಕು. ಹುಬ್ಬಳ್ಳಿಯ ನವನಗರದಲ್ಲಿ ಕೇಂದ್ರ ಕಚೇರಿ ಇರುವ ನಮ್ಮ ಭಾಗದ ವಿದ್ಯುತ್ ವಿತರಣಾ ಕಂಪನಿ ಹೆಸ್ಕಾಂ ಕೂಡ ಇದರಿಂದ ಹೊರಗಿಲ್ಲ. ವಿತರಣಾ ಕಂಪನಿಗಳು ಮೂರು ತಿಂಗಳಿಗೊಮ್ಮೆ ಇಂಧನ ಲೆಕ್ಕ, ವರ್ಷಕ್ಕೊಮ್ಮೆ ಇಂಧನ ಆಡಿಟ್ ಸಲ್ಲಿಸಬೇಕು ಅಂತ 2021ರ ನಿಯಮವಿದೆ. ಕುಡಿಯುವ ನೀರಿನ ಪಂಪಿಗೆ, ಬೀದಿ ದೀಪಕ್ಕೆ ಎಷ್ಟು ಕರೆಂಟ್ ಹೋಗುತ್ತಿದೆ ಅನ್ನುವುದು ತಪ್ಪಾಗಿ ದಾಖಲಾದರೆ, ಮುಂದಿನ ವರ್ಷ ಪಂಪ್ ಬದಲಿಸಲು ಹಣ ಎಲ್ಲಿಗೆ ಕೊಡಬೇಕು ಅನ್ನುವ ನಿರ್ಧಾರವೂ ತಪ್ಪುತ್ತದೆ.

ಶುರು ಮಾಡುವ ಮೊದಲು ಏನೇನು ಇರಬೇಕು

ದೊಡ್ಡ ಸಾಮಗ್ರಿ ಏನೂ ಬೇಡ. ಹಿಂದಿನ 12 ತಿಂಗಳ ವಿದ್ಯುತ್ ಬಿಲ್‌ಗಳು, ಡೀಸೆಲ್ ಜನರೇಟರ್ ಇದ್ದರೆ ಅದರ ಲಾಗ್ ಪುಸ್ತಕ, ಸೋಲಾರ್ ಇದ್ದರೆ ಅದರ ಮೀಟರ್ ರೀಡಿಂಗ್. ಎಕ್ಸೆಲ್ ಅಥವಾ ಲಿಬ್ರೆ ಆಫೀಸ್ ಇರುವ ಒಂದು ಕಂಪ್ಯೂಟರ್, ಯುನಿಕೋಡ್ ಕನ್ನಡ ಟೈಪಿಂಗ್, ಕಚೇರಿಯ ಅಧಿಕೃತ ಇಮೇಲ್, ಸಹಿ ಮಾಡುವ ಅಧಿಕಾರಿಯ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಡಿಜಿಟಲ್ ಸಹಿ. ಕೊನೆಯದ್ದು ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ. ವರದಿಯ ಕೊನೆ ದಿನಕ್ಕೆ ಅದನ್ನು ಹುಡುಕುತ್ತಾ ಕೂರುವುದೇ ಬಹಳಷ್ಟು ಕಡೆ ತಡಕ್ಕೆ ಕಾರಣ.

ಹಂತ 1: ಕೇಳುತ್ತಿರುವುದು ಯಾರು, ಯಾವ ರೂಪದಲ್ಲಿ?

ವರದಿ ಕೇಳಿದ ಪತ್ರ ಅಥವಾ ಸುತ್ತೋಲೆಯನ್ನು ಪೂರ್ತಿ ಓದಿ. ಮೂರು ವಿಷಯ ಗುರುತು ಹಾಕಿಕೊಳ್ಳಿ: ಯಾವ ಅವಧಿಯ ವರದಿ, ಯಾವ ನಮೂನೆ, ಯಾವ ಮಾರ್ಗದಲ್ಲಿ ಸಲ್ಲಿಸಬೇಕು.

'ಡಿಜಿಟಲ್ ಸಹಿಗೆ ಕಾನೂನಿನ ಬಲ ಇದೆಯಾ?' ಅನ್ನುವ ಅನುಮಾನ ಎಲ್ಲರಿಗೂ ಇದೆ. ಇದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಗೂ, 5ನೇ ಕಲಂ ಎಲೆಕ್ಟ್ರಾನಿಕ್ ಸಹಿಗೂ ಮಾನ್ಯತೆ ಕೊಡುತ್ತವೆ. ಸರ್ಕಾರಿ ಕಚೇರಿಗಳಲ್ಲಿ ಇವುಗಳ ಬಳಕೆಯ ಬಗ್ಗೆ 6ನೇ ಕಲಂ ಇದೆ. ಆದರೆ ಅದೇ ಕಾಯ್ದೆಯ 9ನೇ ಕಲಂ ಅನ್ನು ಜಾಸ್ತಿ ಜನ ನೋಡಿರುವುದಿಲ್ಲ. ಎಲೆಕ್ಟ್ರಾನಿಕ್ ರೂಪದಲ್ಲೇ ಸ್ವೀಕರಿಸಿ ಅಂತ ಸರ್ಕಾರಿ ಕಚೇರಿಯನ್ನು ಒತ್ತಾಯಿಸುವ ಹಕ್ಕು ಯಾರಿಗೂ ಬರುವುದಿಲ್ಲ ಅನ್ನುತ್ತದೆ ಅದು. ಹಾರ್ಡ್ ಕಾಪಿ ಕೇಳುವವರ ಕೈಯಲ್ಲಿ ಇರುವ ಆಧಾರ ಇದೇ.

ಹಾಗಾಗಿ ವಾದ ಮಾಡುವುದು ಬೇಡ. ಮೇಲಿನ ಕಚೇರಿಗೆ ಒಂದು ಚಿಕ್ಕ ಪತ್ರ ಬರೆಯಿರಿ: 'ಡಿಜಿಟಲ್ ಸಹಿ ಇರುವ ವರದಿಯನ್ನು ಎಕ್ಸೆಲ್ ಕಡತದ ಸಮೇತ ಸಲ್ಲಿಸಲು ಒಪ್ಪಿಗೆ ಕೊಡಬೇಕು, ಮುದ್ರಿತ ಪ್ರತಿಯಿಂದ ವಿನಾಯಿತಿ ನೀಡಬೇಕು.' ಉತ್ತರ ಬಂದ ಮೇಲೆ ಅದನ್ನು ಕಡತದಲ್ಲಿ ಇಡಿ. ಅಧಿಕಾರಿ ವರ್ಗವಾಗಿ ಹೊಸಬರು ಬಂದಾಗ 'ಮೊದಲಿಂದ ಕಾಗದದಲ್ಲೇ ಕೊಡ್ತಿದ್ರಲ್ಲ' ಅನ್ನುವ ಮಾತಿಗೆ ಅದೇ ಉತ್ತರ. ನೀವೇ ಜಿಲ್ಲಾ ಮಟ್ಟದಲ್ಲಿ ವರದಿ ಕೇಳುವವರಾದರೆ ಕೆಲಸ ಇನ್ನೂ ಸುಲಭ. ನಿಮ್ಮ ಸುತ್ತೋಲೆಯಲ್ಲೇ ಆ ಒಂದು ಸಾಲು ಸೇರಿಸಿಬಿಡಿ.

ಹಂತ 2: ಮೀಟರ್ ಪಟ್ಟಿ

ನಿಮ್ಮ ಕಚೇರಿ ದುಡ್ಡು ಕಟ್ಟುವ ಪ್ರತಿಯೊಂದು ಸಂಪರ್ಕವನ್ನೂ ಒಂದು ಶೀಟ್‌ನಲ್ಲಿ ಬರೆಯಿರಿ. ಒಂದು ಸಂಪರ್ಕಕ್ಕೆ ಒಂದೇ ಸಾಲು. ಆರ್.ಆರ್. ನಂಬರ್, ಅಂದರೆ ಪ್ರತಿ ಸಂಪರ್ಕಕ್ಕೆ ಹೆಸ್ಕಾಂ ಕೊಟ್ಟಿರುವ ಗುರುತಿನ ಸಂಖ್ಯೆ. ಸಂಪರ್ಕ ಇರುವ ಜಾಗ. ಏನಕ್ಕೆ ಬಳಕೆ: ಕಚೇರಿ, ಬೀದಿ ದೀಪ, ನೀರಿನ ಪಂಪ್. ಬಿಲ್ ಮೇಲೆ ಇರುವ ದರದ ವರ್ಗ. ಮಂಜೂರಾದ ಲೋಡ್. ಮೀಟರ್ ಇದೆಯೋ ಇಲ್ಲವೋ.

ಇದು ಬೇಸರದ ಕೆಲಸ, ಆದರೆ ಒಮ್ಮೆ ಮಾಡಿದರೆ ಮುಗಿಯಿತು. ಮಾಡುವಾಗ ಅಚ್ಚರಿಯ ವಿಷಯಗಳೂ ಸಿಗುತ್ತವೆ. ಎಂದೋ ಬತ್ತಿದ ಕೊಳವೆಬಾವಿಯ ಸಂಪರ್ಕಕ್ಕೆ ಇನ್ನೂ ಪ್ರತಿ ತಿಂಗಳು ನಿಗದಿತ ಶುಲ್ಕ ಬರುತ್ತಿರುತ್ತದೆ. ಅಂಥವನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿ, ಹೆಸ್ಕಾಂ ಉಪವಿಭಾಗಕ್ಕೆ ರದ್ದತಿಗೆ ಬರೆಯಿರಿ.

ಎಚ್ಚರ: ಆರ್.ಆರ್. ನಂಬರ್ ಕಾಲಂ ಅನ್ನು ತುಂಬುವ ಮೊದಲೇ 'ಟೆಕ್ಸ್ಟ್' ರೂಪಕ್ಕೆ ಬದಲಿಸಿ. ಇಲ್ಲದಿದ್ದರೆ ಎಕ್ಸೆಲ್ ಮುಂದಿನ ಸೊನ್ನೆಗಳನ್ನು ತಾನೇ ತೆಗೆದುಹಾಕುತ್ತದೆ. ಆಮೇಲೆ ಹೆಸ್ಕಾಂ ಪಟ್ಟಿಗೂ ನಿಮ್ಮ ಪಟ್ಟಿಗೂ ತಾಳೆಯೇ ಆಗುವುದಿಲ್ಲ.

ಹಂತ 3: ಅಂಕಿ ತುಂಬುವುದು

ತಪ್ಪುಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಆಗುತ್ತವೆ. ಸ್ವಲ್ಪ ನಿಧಾನವಾಗಿ ಓದಿ.

*ತಿಂಗಳು ಯಾವುದು?* ಏಪ್ರಿಲ್ ಮೊದಲ ವಾರ ಬಂದ ಬಿಲ್‌ನಲ್ಲಿ ಇರುವುದು ಮಾರ್ಚ್ ತಿಂಗಳ ಬಳಕೆ. ಬಿಲ್ ದಿನಾಂಕ ನೋಡಿ ಏಪ್ರಿಲ್ ಅಂತ ಬರೆದರೆ ಆರ್ಥಿಕ ವರ್ಷವೇ ತಪ್ಪುತ್ತದೆ. ಎರಡು ಕಾಲಂ ಇಡಿ: ಹಿಂದಿನ ರೀಡಿಂಗ್ ದಿನಾಂಕ, ಈಗಿನ ರೀಡಿಂಗ್ ದಿನಾಂಕ. ತಿಂಗಳ ಹೆಸರನ್ನು ಇವೆರಡರ ಮೇಲೆ ನಿರ್ಧರಿಸಿ.

*ಯೂನಿಟ್ ಮತ್ತು ಕಿಲೋವ್ಯಾಟ್.* ಕಿಲೋವ್ಯಾಟ್ ಅಂದರೆ ಉಪಕರಣಗಳ ಸಾಮರ್ಥ್ಯ. ಯೂನಿಟ್ ಅಂದರೆ ಕಿಲೋವ್ಯಾಟ್-ಅವರ್, ನಿಜವಾಗಿ ಖರ್ಚಾದ ವಿದ್ಯುತ್. 1 ಕಿಲೋವ್ಯಾಟ್ ಉಪಕರಣ 1 ಗಂಟೆ ಓಡಿದರೆ 1 ಯೂನಿಟ್. ವರದಿಯಲ್ಲಿ ಬಳಕೆ ಕೇಳಿದ ಜಾಗಕ್ಕೆ ಲೋಡ್ ತುಂಬಿ ಕಳಿಸುವವರು ಇದ್ದಾರೆ, ದಯವಿಟ್ಟು ಗಮನಿಸಿ. ದೊಡ್ಡ ವರದಿಗಳಲ್ಲಿ 'ಮಿಲಿಯನ್ ಯೂನಿಟ್' ಅಂತ ಕೇಳುತ್ತಾರೆ. 1 ಮಿಲಿಯನ್ ಯೂನಿಟ್ ಅಂದರೆ 10 ಲಕ್ಷ ಯೂನಿಟ್. 'ಟನ್ ತೈಲ ಸಮಾನ' ಅನ್ನುವ ಅಳತೆ ಬಂದರೆ ಹೆದರಬೇಡಿ. ವಿದ್ಯುತ್, ಡೀಸೆಲ್, ಕಟ್ಟಿಗೆ ಎಲ್ಲವನ್ನೂ ಒಂದೇ ಅಳತೆಗೆ ತರಲು ಇಟ್ಟುಕೊಂಡಿರುವ ಲೆಕ್ಕ ಅದು. 1 ಯೂನಿಟ್‌ಗೆ 860 ಕಿಲೋಕ್ಯಾಲೊರಿ ಅಂತ ಹಿಡಿದರೆ ಸುಮಾರು 11,630 ಯೂನಿಟ್‌ಗೆ 1 ಟನ್ ತೈಲ ಸಮಾನ.

*ಮೀಟರ್ ಸ್ಥಿರಾಂಕ.* ದೊಡ್ಡ ಲೋಡ್ ಇರುವ ಕಡೆ ಮೀಟರ್ ಪೂರ್ತಿ ಕರೆಂಟನ್ನು ನೇರವಾಗಿ ಅಳೆಯುವುದಿಲ್ಲ. ಸಿ.ಟಿ. ಅನ್ನುವ ಉಪಕರಣ ಅದನ್ನು ಒಂದು ಪ್ರಮಾಣದಲ್ಲಿ ಇಳಿಸಿ ಮೀಟರ್‌ಗೆ ಕೊಡುತ್ತದೆ. ಹಾಗಾಗಿ ರೀಡಿಂಗ್ ವ್ಯತ್ಯಾಸವನ್ನು ಸ್ಥಿರಾಂಕದಿಂದ ಗುಣಿಸಬೇಕು. ವ್ಯತ್ಯಾಸ 412, ಸ್ಥಿರಾಂಕ 20 ಇದ್ದರೆ ಬಳಕೆ 8,240 ಯೂನಿಟ್. ಪಂಪ್ ಹೌಸ್‌ನ ಮೀಟರ್ ನೋಡಿ 412 ಅಂತ ಬರೆದುಕೊಂಡು ಬಂದು ಹಾಗೇ ತುಂಬಿದರೆ ಬಳಕೆ ಇಪ್ಪತ್ತನೇ ಒಂದು ಪಾಲಾಗುತ್ತದೆ. ಬಿಲ್ ಮೇಲೆ ಸ್ಥಿರಾಂಕ ಮುದ್ರಿಸಿರುತ್ತಾರೆ, ಅದಕ್ಕೂ ಒಂದು ಕಾಲಂ ಇಡಿ.

*ಸೋಲಾರ್.* ಚಾವಣಿ ಮೇಲೆ ಸೋಲಾರ್ ಇದ್ದು ನೆಟ್ ಮೀಟರಿಂಗ್ ಇರುವ ಕಚೇರಿಗಳು ಬಿಲ್‌ನಲ್ಲಿರುವ ನಿವ್ವಳ ಯೂನಿಟ್ ಅನ್ನೇ ಬಳಕೆ ಅಂತ ತೋರಿಸುತ್ತವೆ. ಅದು ತಪ್ಪು. ನೆಟ್ ಮೀಟರಿಂಗ್ ಅಂದರೆ ಗ್ರಿಡ್‌ನಿಂದ ತಗೊಂಡಿದ್ದರಲ್ಲಿ ಗ್ರಿಡ್‌ಗೆ ಕೊಟ್ಟಿದ್ದನ್ನು ಕಳೆದು ಬಿಲ್ ಮಾಡುವ ವ್ಯವಸ್ಥೆ. ಒಂದು ಉದಾಹರಣೆ ನೋಡಿ. ತಿಂಗಳಲ್ಲಿ ಗ್ರಿಡ್‌ನಿಂದ ಬಂದದ್ದು 800 ಯೂನಿಟ್, ಗ್ರಿಡ್‌ಗೆ ಹೋದದ್ದು 300, ಸೋಲಾರ್ ಮೀಟರ್ ತೋರಿಸಿದ ಉತ್ಪಾದನೆ 1,200. ಬಿಲ್ ಆಗುವುದು 500ಕ್ಕೆ. ಆದರೆ ಕಚೇರಿ ನಿಜವಾಗಿ ಬಳಸಿದ್ದು 800 ಕೂಡಿಸು 1,200 ಕಳೆ 300, ಅಂದರೆ 1,700 ಯೂನಿಟ್. 500 ಅಂತ ಬರೆದರೆ 1,200 ಯೂನಿಟ್ ಲೆಕ್ಕದಿಂದಲೇ ಮಾಯ. ಮುಂದೆ ಯಾರೋ ಆ ಅಂಕಿ ನೋಡಿ 'ಈ ಕಚೇರಿ ಭಾರೀ ಉಳಿತಾಯ ಮಾಡಿದೆ' ಅಂದುಕೊಳ್ಳುತ್ತಾರೆ. ಎ.ಸಿ.ಗಳು ಮಾತ್ರ ಮೊದಲಿನಂತೆಯೇ ಓಡುತ್ತಿರುತ್ತವೆ. ಹಾಗಾಗಿ ಮೂರೂ ಅಂಕಿಗಳಿಗೆ ಬೇರೆ ಬೇರೆ ಕಾಲಂ ಇರಲಿ, ಬಳಕೆಯ ಕಾಲಂನಲ್ಲಿ ಸೂತ್ರ ಹಾಕಿ.

ಗದಗ ಜಿಲ್ಲೆಯವರಿಗೆ ಒಂದು ಮಾತು. ಜಿಲ್ಲಾ ವರದಿಯಲ್ಲಿ ಉತ್ಪಾದನೆ ಮತ್ತು ಬಳಕೆ ಎರಡನ್ನೂ ಕೇಳಿದಾಗ ಕಪ್ಪತಗುಡ್ಡದ ಗಾಳಿಯಂತ್ರಗಳ ಉತ್ಪಾದನೆಯನ್ನು ಜಿಲ್ಲೆಯ ಬಳಕೆಯಿಂದ ಕಳೆಯಬೇಡಿ. ಆ ವಿದ್ಯುತ್ ರಾಜ್ಯದ ಗ್ರಿಡ್‌ಗೆ ಸೇರುತ್ತದೆ. ಎರಡೂ ಬೇರೆ ಬೇರೆ ಪಟ್ಟಿಯಲ್ಲೇ ಇರಬೇಕು.

*ಅಳತೆಯೋ, ಅಂದಾಜೋ?* ಮೀಟರ್ ಕೆಟ್ಟಾಗ ಸರಾಸರಿ ಬಿಲ್ ಬರುತ್ತದೆ. ಮೀಟರ್ ಇಲ್ಲದ ಬೀದಿ ದೀಪಗಳಿಗೆ ಲೋಡ್ ಮತ್ತು ಗಂಟೆಗಳ ಲೆಕ್ಕದ ಮೇಲೆ ಬಿಲ್ ಆಗುತ್ತದೆ. ರೈತರ ಪಂಪ್‌ಸೆಟ್‌ಗಳಲ್ಲೂ ಹೀಗೇ, ಹೆಚ್ಚಿನವಕ್ಕೆ ಮೀಟರ್ ಇಲ್ಲದ ಕಾರಣ ಅಂದಾಜಿನ ಮೇಲೆ ಲೆಕ್ಕ ನಡೆಯುತ್ತದೆ. ಅಂದಾಜು ಹಾಕುವುದು ತಪ್ಪಲ್ಲ. ಅದನ್ನು ಅಳತೆ ಅಂತ ತೋರಿಸುವುದು ತಪ್ಪು. ಪ್ರತಿ ಸಾಲಿನ ಕೊನೆಗೆ 'ಅಳತೆ' ಅಥವಾ 'ಅಂದಾಜು' ಅಂತ ಒಂದು ಕಾಲಂ ಇರಲೇಬೇಕು. ಇಡೀ ನಮೂನೆಯಲ್ಲಿ ಒಂದೇ ಒಂದು ಹೊಸ ಕಾಲಂ ಸೇರಿಸಲು ಅವಕಾಶ ಇದ್ದರೆ ನಾನು ಇದನ್ನೇ ಸೇರಿಸಿ ಅನ್ನುತ್ತೇನೆ.

*ಮೊತ್ತ.* ನಮ್ಮ ಪಂಚಾಯಿತಿ, ಪುರಸಭೆಗಳ ಬಿಲ್‌ಗಳಲ್ಲಿ ಹಳೆ ಬಾಕಿ, ಅದರ ಬಡ್ಡಿ ಎಲ್ಲ ಸೇರಿ ದೊಡ್ಡ ಮೊತ್ತ ಇರುತ್ತದೆ. ಬಿಲ್‌ನ ಕೆಳಗಿನ ಒಟ್ಟು ಮೊತ್ತ ನೋಡಿ ಬರೆದರೆ ಒಂದು ಯೂನಿಟ್‌ಗೆ ನೂರಾರು ರೂಪಾಯಿ ಬಿದ್ದಂತೆ ಕಾಣುತ್ತದೆ. ಈ ತಿಂಗಳ ಬಳಕೆಯ ಶುಲ್ಕ ಬೇರೆ, ಬಾಕಿ ಬೇರೆ, ಬಡ್ಡಿ ಬೇರೆ ಬರೆಯಿರಿ.

*ಡೀಸೆಲ್.* ಜನರೇಟರ್‌ಗೆ ಕೊಂಡ ಡೀಸೆಲ್ ಅಲ್ಲ, ಉರಿದ ಡೀಸೆಲ್ ಬರೆಯಿರಿ. ತಿಂಗಳ ಶುರುವಿಗೆ ಟ್ಯಾಂಕ್‌ನಲ್ಲಿ ಇದ್ದದ್ದನ್ನು ಕೂಡಿಸುವುದು, ಕೊನೆಗೆ ಉಳಿದದ್ದನ್ನು ಕಳೆಯುವುದು ಮರೆಯಬೇಡಿ.

ಹಂತ 4: ಕನ್ನಡ ಅಕ್ಷರದ ಸಮಸ್ಯೆ

ನಮ್ಮ ಕಚೇರಿಗಳ ಹಳೆ ನಮೂನೆಗಳೆಲ್ಲ 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಫಾಂಟ್‌ನಲ್ಲಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತದೆ. ಹುಡುಕಲು ಆಗಲ್ಲ, ಅಕಾರಾದಿಯಾಗಿ ಜೋಡಿಸಲು ಆಗಲ್ಲ, ಪೋರ್ಟಲ್‌ಗೆ ಅಂಟಿಸಲೂ ಆಗಲ್ಲ. ಯುನಿಕೋಡ್ ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಜಗತ್ತಿನ ಎಲ್ಲ ಕಂಪ್ಯೂಟರ್‌ಗಳು ಒಪ್ಪಿದ ಒಂದೇ ಸಂಕೇತ. ವರದಿ ಯುನಿಕೋಡ್‌ನಲ್ಲೇ ಇರಬೇಕು.

ನಿಮ್ಮ ಕಡತ ಯಾವುದರಲ್ಲಿದೆ ಅಂತ ತಿಳಿಯಲು ಸುಲಭ ದಾರಿ ಇದೆ. ಎಲ್ಲವನ್ನೂ ಆಯ್ಕೆ ಮಾಡಿ ಫಾಂಟ್ ಅನ್ನು 'ಏರಿಯಲ್'ಗೆ ಬದಲಿಸಿ. ಕನ್ನಡ ಹಾಗೇ ಉಳಿದರೆ ಯುನಿಕೋಡ್. ಗೋಜಲಾದರೆ ಹಳೆ ಫಾಂಟ್.

ಹಳೆಯದನ್ನು ಬದಲಿಸಲು ಕನ್ವರ್ಟರ್‌ಗಳಿವೆ. ಬದಲಿಸಿದ ಮೇಲೆ ಕಣ್ಣಾರೆ ಓದಲೇಬೇಕು. ಹಳೆ ಕಡತದ ನಡುವೆ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದ ಪದ ಇದ್ದರೆ, ಕನ್ವರ್ಟರ್ ಅದನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಡುತ್ತದೆ. 'ಕಾರ್ಯ', 'ವರ್ಷ' ಥರದ ಅರ್ಕಾವತ್ತಿನ ಪದಗಳನ್ನೂ ಒಮ್ಮೆ ನೋಡಿ. ನನ್ನ ಸಲಹೆ ಕೇಳಿದರೆ, ಒಂದೆರಡು ಪುಟದ ನಮೂನೆಯಾದರೆ ಬದಲಿಸುವ ಗೋಜಿಗೇ ಹೋಗಬೇಡಿ, ಯುನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿಬಿಡಿ.

ಹಂತ 5: ಶೀಟ್‌ನ ರೂಪ

ಕಾಗದದ ಮೇಲೆ ಚೆಂದ ಕಾಣುವ ಶೀಟ್ ಬೇರೆ, ಕಂಪ್ಯೂಟರ್ ಕೂಡಿಸಬಲ್ಲ ಶೀಟ್ ಬೇರೆ. ನಮಗೆ ಎರಡನೆಯದು ಬೇಕು.

ಮೊದಲ ಸಾಲಿನಲ್ಲಿ ಕಾಲಂಗಳ ಹೆಸರು ಮಾತ್ರ ಇರಲಿ. ಮೇಲೆ ಲಾಂಛನ, ಕಚೇರಿ ವಿಳಾಸ, 'ವಿಷಯ' ಏನೂ ಬೇಡ. ಅವೆಲ್ಲ ಮುಖಪತ್ರದಲ್ಲಿ ಬರುತ್ತವೆ. ಸೆಲ್‌ಗಳನ್ನು ಒಂದುಗೂಡಿಸುವ 'ಮರ್ಜ್' ಬಳಸಲೇಬೇಡಿ. ನಡುನಡುವೆ 'ಉಪಮೊತ್ತ' ಸಾಲು ಹಾಕಿದರೆ ಜಿಲ್ಲೆಯಲ್ಲಿ ಕ್ರೋಢೀಕರಿಸುವಾಗ ಅದೂ ಸೇರಿ ಬಳಕೆ ಎರಡು ಪಟ್ಟಾಗುತ್ತದೆ. ಮೊತ್ತ ಬೇಕಿದ್ದರೆ ಬೇರೆ ಶೀಟ್‌ನಲ್ಲಿ ಮಾಡಿ.

ಅಂಕಿಯ ಸೆಲ್‌ನಲ್ಲಿ ಅಂಕಿ ಮಾತ್ರ. '450 ಯೂನಿಟ್' ಅಂತ ಬರೆದರೆ ಎಕ್ಸೆಲ್ ಅದನ್ನು ಪದ ಅಂದುಕೊಳ್ಳುತ್ತದೆ. ೪೫೦ ಅಂತ ಕನ್ನಡ ಅಂಕಿಯಲ್ಲಿ ಬರೆದರೂ ಅದೇ ಗತಿ, ಕೂಡಿಸುವುದಿಲ್ಲ. ಕನ್ನಡ ಅಂಕಿಗಳು ಮುಖಪತ್ರದಲ್ಲಿ ಇರಲಿ, ಲೆಕ್ಕದ ಶೀಟ್‌ನಲ್ಲಿ 450 ಇರಲಿ. ಬಳಕೆ ಇಲ್ಲದಿದ್ದರೆ 0 ಬರೆಯಿರಿ. ಮಾಹಿತಿಯೇ ಸಿಗದಿದ್ದರೆ ಖಾಲಿ ಬಿಟ್ಟು ಷರಾ ಕಾಲಂನಲ್ಲಿ ಕಾರಣ ಬರೆಯಿರಿ. ಈ ಎರಡರ ನಡುವೆ ಬಹಳ ವ್ಯತ್ಯಾಸವಿದೆ. ಗೆರೆ ಎಳೆಯುವ ಅಭ್ಯಾಸ ಬಿಟ್ಟುಬಿಡಿ, ಗೆರೆ ಅಂದರೆ ಸೊನ್ನೆಯೋ ಗೊತ್ತಿಲ್ಲವೋ ಅಂತ ಓದುವವರಿಗೆ ತಿಳಿಯುವುದಿಲ್ಲ.

ಊರಿನ ಹೆಸರುಗಳು ಇನ್ನೊಂದು ತಲೆನೋವು. ಒಬ್ಬರು 'ಹುಬ್ಬಳ್ಳಿ', ಇನ್ನೊಬ್ಬರು 'ಹುಬ್ಳಿ', ಮತ್ತೊಬ್ಬರು 'ಹುಬ್ಬಳ್ಳಿ ಶಹರ' ಅಂತ ಬರೆದರೆ ಕಂಪ್ಯೂಟರ್‌ಗೆ ಮೂರು ಊರು. 'ರಾಣೆಬೆನ್ನೂರು', 'ರಾಣೇಬೆನ್ನೂರು' ಎರಡಾಗುತ್ತವೆ. ಎಕ್ಸೆಲ್‌ನ ಡೇಟಾ ವ್ಯಾಲಿಡೇಶನ್‌ನಲ್ಲಿ ಹೆಸರುಗಳ ಪಟ್ಟಿ ಹಾಕಿ, ತುಂಬುವವರು ಅದರಿಂದ ಆರಿಸುವಂತೆ ಮಾಡಿ. ಇನ್ನೂ ಒಳ್ಳೆಯದು, ಕೇಂದ್ರದ ಸ್ಥಳೀಯ ಸರ್ಕಾರ ಡೈರೆಕ್ಟರಿಯಲ್ಲಿ ಪ್ರತಿ ಗ್ರಾಮ, ಗ್ರಾಮ ಪಂಚಾಯಿತಿ, ನಗರ ಸಂಸ್ಥೆಗೆ ಒಂದೊಂದು ಕೋಡ್ ಇದೆ. ಹೆಸರಿನ ಪಕ್ಕ ಆ ಕೋಡ್ ಹಾಕಿ.

ದಿನಾಂಕ 03/04 ಅಂತ ಬರೆದರೆ ಒಂದು ಕಂಪ್ಯೂಟರ್‌ನಲ್ಲಿ ಏಪ್ರಿಲ್ 3, ಇನ್ನೊಂದರಲ್ಲಿ ಮಾರ್ಚ್ 4. ವರ್ಷ-ತಿಂಗಳು-ದಿನ ಈ ಕ್ರಮದಲ್ಲಿ, 2025-04-03 ಅಂತ ಬರೆಯಿರಿ. ಪೋರ್ಟಲ್ ಸಿ.ಎಸ್.ವಿ. ಕಡತ ಕೇಳಿದರೆ, ಅಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ, ಉಳಿಸುವಾಗ 'ಯು.ಟಿ.ಎಫ್.-8' ಅಂತ ಇರುವ ಆಯ್ಕೆಯನ್ನೇ ಒತ್ತಿ. ಬರೀ ಸಿ.ಎಸ್.ವಿ. ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿಬಿಡುತ್ತದೆ.

ಹಂತ 6: ಕಳಿಸುವ ಮೊದಲು ತಾಳೆ

ಈ ಹಂತವನ್ನು ಯಾರೂ ಮಾಡುವುದಿಲ್ಲ. ಅರ್ಧ ಗಂಟೆ ಸಾಕು, ಮಾಡಿ.

ಮೊದಲನೆಯದು ಲೋಡ್ ಪರೀಕ್ಷೆ. 5 ಕಿಲೋವ್ಯಾಟ್ ಲೋಡ್ ಇರುವ ಕಚೇರಿ 30 ದಿನ ಹಗಲು-ರಾತ್ರಿ ಪೂರ್ತಿ ಲೋಡ್‌ನಲ್ಲಿ ಓಡಿದರೂ 3,600 ಯೂನಿಟ್ ದಾಟುವುದಿಲ್ಲ. ನಿಮ್ಮ ಶೀಟ್‌ನಲ್ಲಿ 8,000 ಇದ್ದರೆ ಒಂದೋ ಅಂಕಿ ತಪ್ಪು, ಇಲ್ಲ ಲೋಡ್ ತಪ್ಪು.

ಬೀದಿ ದೀಪಕ್ಕೂ ಹೀಗೇ. 35 ವ್ಯಾಟ್‌ನ 100 ಎಲ್‌ಇಡಿ ದೀಪ, ದಿನಕ್ಕೆ 11 ಗಂಟೆ, 30 ದಿನ ಅಂದರೆ 1,155 ಯೂನಿಟ್. ಮೀಟರ್ ಇದರ ದುಪ್ಪಟ್ಟು ತೋರಿಸಿದರೆ ಹಗಲಲ್ಲೂ ದೀಪ ಉರಿಯುತ್ತಿರಬಹುದು, ಆ ಲೈನ್‌ಗೆ ಬೇರೆ ಏನೋ ಸೇರಿಕೊಂಡಿರಬಹುದು. ಹೋಗಿ ನೋಡಬೇಕಾದ ವಿಷಯ ಅದು.

ನೀರಿನ ಪಂಪ್‌ಗೆ ಇನ್ನೂ ಒಳ್ಳೆಯ ಪರೀಕ್ಷೆ ಇದೆ. 1,000 ಲೀಟರ್ ನೀರನ್ನು 100 ಮೀಟರ್ ಎತ್ತಲು ಭೌತಶಾಸ್ತ್ರದ ಲೆಕ್ಕದಲ್ಲಿ ಕನಿಷ್ಠ 0.27 ಯೂನಿಟ್ ಬೇಕು. ಪಂಪ್, ಮೋಟರ್ ಎರಡೂ ಸೇರಿ ದಕ್ಷತೆ ನೂರಕ್ಕೆ 60 ಅಂತ ಹಿಡಿದರೆ ಸುಮಾರು 0.45 ಯೂನಿಟ್. ಹುಬ್ಬಳ್ಳಿ-ಧಾರವಾಡಕ್ಕೆ ಸವದತ್ತಿಯ ರೇಣುಕಾಸಾಗರದಿಂದ ಮಲಪ್ರಭಾ ನೀರು ಪಂಪ್ ಆಗಿಯೇ ಬರಬೇಕು. ನಮ್ಮ ಭಾಗದಲ್ಲಿ ಕುಡಿಯುವ ನೀರು ಅಂದರೆ ಕರೆಂಟ್ ಖರ್ಚು ಅಂತಲೇ ಅರ್ಥ, ಅಲ್ವಾ? ಹಾಗಾಗಿ ಬಳಸಿದ ಯೂನಿಟ್ ಜೊತೆ ಎತ್ತಿದ ನೀರಿನ ಪ್ರಮಾಣವನ್ನೂ ಬರೆಯಿರಿ. ಸಾವಿರ ಲೀಟರ್‌ಗೆ ಎಷ್ಟು ಯೂನಿಟ್ ಅನ್ನುವ ಒಂದು ಅಂಕಿ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಪಂಪ್ ಸವೆದಿದೆ ಅಥವಾ ಪೈಪ್‌ನಲ್ಲಿ ತೊಂದರೆ ಇದೆ. ಭೌತಶಾಸ್ತ್ರದ ಕನಿಷ್ಠಕ್ಕಿಂತ ಕಡಿಮೆ ಬಂದರೆ ಮೀಟರ್ ಸ್ಥಿರಾಂಕ ಗುಣಿಸಿಲ್ಲ ಅಂತ ಅನುಮಾನಿಸಿ.

ಕೊನೆಗೆ ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ. ಕಾಲು ಭಾಗಕ್ಕಿಂತ ಹೆಚ್ಚು ಏರಿಳಿತ ಇದ್ದರೆ ಷರಾದಲ್ಲಿ ಒಂದು ಸಾಲು ಕಾರಣ ಬರೆಯಿರಿ. ಮೇಲಿನ ಕಚೇರಿಯಿಂದ ಸ್ಪಷ್ಟನೆ ಕೇಳಿ ಪತ್ರ ಬರುವ ಮೊದಲೇ ಉತ್ತರ ಕೊಟ್ಟಂತಾಯಿತು.

ಹಂತ 7: 'ಕೈಗೊಂಡ ಕ್ರಮಗಳು' ಭಾಗ

ಅಂಕಿ ಇಲ್ಲದ ಭಾಗವೂ ವರದಿಯಲ್ಲಿ ಇರುತ್ತದೆ. 'ಇಂಧನ ಉಳಿತಾಯಕ್ಕೆ ಅಗತ್ಯ ಕ್ರಮ ಕೈಗೊಳ್ಳಲಾಗಿದೆ' ಅನ್ನುವ ಸಾಲು ಯಾರಿಗೂ ಏನೂ ಹೇಳುವುದಿಲ್ಲ. ಏನು ಮಾಡಿದಿರಿ, ಎಲ್ಲಿ, ಎಷ್ಟು, ಯಾವಾಗ, ಮೊದಲು ಎಷ್ಟು ಯೂನಿಟ್ ಇತ್ತು, ಆಮೇಲೆ ಎಷ್ಟಾಯಿತು, ಇಷ್ಟು ಬರೆಯಿರಿ. ಫ್ಯಾನ್, ಎ.ಸಿ. ಕೊಂಡಿದ್ದರೆ ಸ್ಟಾರ್ ರೇಟಿಂಗ್ ಮತ್ತು ಅದರ ಲೇಬಲ್ ಅವಧಿಯನ್ನೂ ಬರೆಯಿರಿ. ರೇಟಿಂಗ್ ಮಾನದಂಡ ಕಾಲಕಾಲಕ್ಕೆ ಬಿಗಿಯಾಗುತ್ತಿರುವುದರಿಂದ ಹಳೆ 5 ಸ್ಟಾರ್ ಮತ್ತು ಹೊಸ 5 ಸ್ಟಾರ್ ಒಂದೇ ಅಲ್ಲ. ಇಂಗಾಲದ ಹೊರಸೂಸುವಿಕೆ ಲೆಕ್ಕ ಕೇಳಿದರೆ ಕೇಂದ್ರ ವಿದ್ಯುತ್ ಪ್ರಾಧಿಕಾರ ಹೊರಡಿಸುವ ಅಂಕಿಯನ್ನೇ ಬಳಸಿ, ಯಾವ ವರ್ಷದ ಆವೃತ್ತಿ ಅಂತ ನಮೂದಿಸಿ.

ಹಂತ 8: ಸಹಿ ಮತ್ತು ಸಲ್ಲಿಕೆ

ಎರಡು ಕಡತ ತಯಾರಾಗಬೇಕು. ಒಂದು, ಮುಖಪತ್ರ ಮತ್ತು ಸಾರಾಂಶ ಇರುವ ಪಿ.ಡಿ.ಎಫ್. ಇದನ್ನು ವರ್ಡ್‌ನಿಂದ ನೇರವಾಗಿ ಪಿ.ಡಿ.ಎಫ್. ಮಾಡಿ. ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಬೇಡಿ. ಇನ್ನೊಂದು, ಹಂತ 5ರಲ್ಲಿ ಮಾಡಿದ ಶೀಟ್. ಮುಖಪತ್ರದಲ್ಲಿ ಶೀಟ್‌ನ ಹೆಸರು, ಒಟ್ಟು ಸಾಲುಗಳ ಸಂಖ್ಯೆ, ಒಟ್ಟು ಯೂನಿಟ್ ನಮೂದಿಸಿ. ಆಗ ಸಹಿ ಇರುವ ಪತ್ರಕ್ಕೂ ಶೀಟ್‌ಗೂ ಗಂಟು ಬೀಳುತ್ತದೆ, ಯಾರಾದರೂ ಶೀಟ್ ಬದಲಿಸಿ ಸಾಲು ಅಥವಾ ಮೊತ್ತ ಏರುಪೇರಾದರೆ ಗೊತ್ತಾಗುತ್ತದೆ.

ಡಿಜಿಟಲ್ ಸಹಿ ಪೆನ್‌ಡ್ರೈವ್ ಥರದ ಟೋಕನ್‌ನಲ್ಲಿ ಬರುತ್ತದೆ, ಅದಕ್ಕೆ ಪಿನ್ ಇರುತ್ತದೆ. ಸಹಿಯಾದ ಮೇಲೆ ಪಿ.ಡಿ.ಎಫ್.ನಲ್ಲಿ ಒಂದು ಅಕ್ಷರ ಬದಲಿಸಿದರೂ ಸಹಿ ಅಮಾನ್ಯ ಅಂತ ತೋರಿಸುತ್ತದೆ. ಹಾಗಾಗಿ ಸಹಿ ಕೊನೆಯ ಕೆಲಸವಾಗಿರಲಿ. ಒಂದು ವಿಷಯ ಗಟ್ಟಿಯಾಗಿ ಹೇಳಬೇಕು: ಸಾಹೇಬರು ಟೋಕನ್ ಮತ್ತು ಪಿನ್ ಎರಡನ್ನೂ ಆಪರೇಟರ್ ಕೈಗೆ ಕೊಟ್ಟು ಮೀಟಿಂಗ್‌ಗೆ ಹೋಗುವ ಪದ್ಧತಿ ನಿಲ್ಲಬೇಕು. ಸಹಿಯ ಕೀಲಿಯನ್ನು ಜೋಪಾನ ಮಾಡುವ ಹೊಣೆ ಆ ಅಧಿಕಾರಿಯದ್ದೇ ಅಂತ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಂ ಹೇಳುತ್ತದೆ. ತೊಂದರೆಯಾದರೆ ಆಪರೇಟರ್ ಹುಡುಗನೂ ಸಿಕ್ಕಿಹಾಕಿಕೊಳ್ಳುತ್ತಾನೆ.

ಕಳಿಸುವ ದಾರಿ: ಪೋರ್ಟಲ್ ಇದ್ದರೆ ಪೋರ್ಟಲ್. ಇಲ್ಲದಿದ್ದರೆ ಇ-ಆಫೀಸ್, ಅಂದರೆ ಕಡತಗಳನ್ನು ಕಂಪ್ಯೂಟರ್‌ನಲ್ಲೇ ನಡೆಸಲು ಕೇಂದ್ರ ಸರ್ಕಾರದ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ರೂಪಿಸಿದ ವ್ಯವಸ್ಥೆ. ಅದೂ ಇಲ್ಲದಿದ್ದರೆ ಕಚೇರಿಯ ಅಧಿಕೃತ ಇಮೇಲ್. ಯಾರದ್ದೋ ಸ್ವಂತ ಮೇಲ್, ವಾಟ್ಸಾಪ್ ಗುಂಪು ಬೇಡ. ವಾಟ್ಸಾಪ್‌ನಲ್ಲಿ ಕಳಿಸಿದ ಶೀಟ್ ಆ ನೌಕರರು ವರ್ಗವಾದ ದಿನ ಕಚೇರಿಯಿಂದಲೇ ಹೋದಂತೆ. ಸ್ವೀಕೃತಿ ಸಂಖ್ಯೆ ಬಂದರೆ ಅದನ್ನು ಟಪಾಲು ವಹಿಯಲ್ಲೂ ಬರೆದಿಡಿ. ಮೂರು ದಿನದೊಳಗೆ ಸ್ವೀಕೃತಿ ಬಾರದಿದ್ದರೆ ಕಳಿಸಿದ ದಿನಾಂಕ ತಿಳಿಸಿ ಮತ್ತೊಂದು ಮೇಲ್ ಹಾಕಿ. ಪೋರ್ಟಲ್‌ಗಳು ಕೊನೆ ದಿನ ಸಂಜೆ ನಿಧಾನವಾಗುವುದು ಎಲ್ಲರಿಗೂ ಗೊತ್ತು. ಎರಡು ದಿನ ಮೊದಲೇ ಮುಗಿಸಿ.

ಹಂತ 9: ತಪ್ಪು ಸಿಕ್ಕರೆ

ಸಲ್ಲಿಸಿದ ಮೇಲೆ ತಪ್ಪು ಕಂಡರೆ ಹಳೆ ಕಡತವನ್ನು ತಿದ್ದಿ ಅದೇ ಹೆಸರಲ್ಲಿ ಉಳಿಸಬೇಡಿ. ಕಡತದ ಹೆಸರಿನಲ್ಲೇ ಕಚೇರಿ, ಅವಧಿ, ಆವೃತ್ತಿ ಇರಲಿ: 'ಮುಂಡರಗಿ-ಪುರಸಭೆ-2025-26-ತ್ರೈ1-ಆವೃತ್ತಿ2' ಅನ್ನುವ ಥರ. ಹೊಸ ಆವೃತ್ತಿಯಲ್ಲಿ ಯಾವ ಸಾಲು, ಹಳೆ ಅಂಕಿ, ಹೊಸ ಅಂಕಿ, ಕಾರಣ, ಈ ನಾಲ್ಕನ್ನು ಒಂದು ಚಿಕ್ಕ ಪಟ್ಟಿ ಮಾಡಿ ಸೇರಿಸಿ. ಹಳೆಯದನ್ನು ಅಳಿಸಬೇಡಿ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಕಲಂ ಪ್ರಕಾರ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಮೇತ ಇಡುವುದು, ಸಾಧ್ಯವಾದವನ್ನು ಕಂಪ್ಯೂಟರ್‌ಗೆ ತರುವುದು ಪ್ರತಿ ಕಚೇರಿಯ ಕರ್ತವ್ಯ. ವರದಿಯ ಶೀಟ್ ಅನ್ನು ಕಚೇರಿಯ ಜಾಲತಾಣದಲ್ಲಿ ಹಾಕಿಬಿಟ್ಟರೆ ಅದೇ ಅಂಕಿಗಾಗಿ ಬರುವ ಮಾಹಿತಿ ಹಕ್ಕು ಅರ್ಜಿಗಳೂ ಕಡಿಮೆಯಾಗುತ್ತವೆ.

ಯಾವಾಗ ಶುರು ಮಾಡುವುದು?

ವರ್ಷದ ನಡುವೆ ಬದಲಿಸಿದರೆ ಅರ್ಧ ವರ್ಷ ಹಳೆ ನಮೂನೆ, ಅರ್ಧ ವರ್ಷ ಹೊಸದು ಅಂತಾಗಿ ಕೂಡಿಸಲು ಬರುವುದಿಲ್ಲ. ಏಪ್ರಿಲ್-ಜೂನ್ ತ್ರೈಮಾಸಿಕದಿಂದ ಶುರು ಮಾಡಿ. ಆ ಒಂದು ತ್ರೈಮಾಸಿಕ ಕಾಗದ ಮತ್ತು ಶೀಟ್ ಎರಡನ್ನೂ ಕಳಿಸಿ, ಎರಡರ ಮೊತ್ತ ತಾಳೆಯಾಗುತ್ತದೆಯೇ ನೋಡಿ. ಜೂನ್ ಬಳಕೆಯ ಬಿಲ್ ಬರುವುದು ಜುಲೈ ಮೊದಲ ವಾರದಲ್ಲಿ. ಅಲ್ಲಿಯವರೆಗೆ ಶೀಟ್ ತೆರೆದೇ ಇರಲಿ, ಬಿಲ್ ಬಂದು ಹಂತ 6ರ ತಾಳೆ ಮುಗಿದ ಮೇಲೆ ಸಹಿಗೆ ಇಡಿ.